ಎರಡು ಬೆರಳು ಎತ್ತರದ ಸೀಟು

ನವೆಂಬರಿನ ಮೊದಲ ವಾರ, ಹುಬ್ಬಳ್ಳಿಗೆ ಉಳ್ಳಾಗಡ್ಡಿ ಇಳಿಸಿ ಖಾಲಿ ಮರಳುತ್ತಿದ್ದ ಮಾವನ ಅಂಗಡಿಯ ಗಾಡಿಯಲ್ಲಿ ಮಯೂರಿಯ ಹೊಸ ಸೈಕಲ್ಲು ಗಜೇಂದ್ರಗಡಕ್ಕೆ ಬಂತು. ಹೊಸದು ಅಂದರೆ ಅವಳ ಪಾಲಿಗೆ ಹೊಸದು. ಹುಬ್ಬಳ್ಳಿಯ ಎತ್ತರದ ಗಂಡಸೊಬ್ಬ ಎರಡು ವರ್ಷ ಓಡಿಸಿ ಬಿಟ್ಟಿದ್ದ ಸೈಕಲ್ಲು ಅದು. ಟೈರು ದಪ್ಪ, ಹ್ಯಾಂಡಲ್ಲು ಟಗರಿನ ಕೊಂಬಿನ ಹಾಗೆ ಕೆಳಕ್ಕೆ ಬಾಗಿದ್ದು. ಅತ್ತೆ ಹೊನ್ನವ್ವ ಅದಕ್ಕೆ ಅರಿಷಿಣ ಕುಂಕುಮ ಹಚ್ಚಿ, ಕಾಯಿ ಒಡೆದು, ಮುಂದಿನ ಗಾಲಿಯ ಕೆಳಗೆ ನಿಂಬೆಹಣ್ಣು ಇಟ್ಟಳು. ಮಾವ ಪ್ರಭುಲಿಂಗಪ್ಪ ದಲಾಲಿಯ ಅಡತಿ ಅಂಗಡಿಯನ್ನು ಆಳಿನ ಕೈಗೆ ಬಿಟ್ಟು ಬಂದು ನಿಂತಿದ್ದ. ಮಯೂರಿ ಟ್ರ್ಯಾಕ್ ಪ್ಯಾಂಟಿನಲ್ಲಿ ಏರಿ ಕುಳಿತು, ನಿಂಬೆಹಣ್ಣು ಚಪ್ಪಟೆ ಮಾಡಿ, ಓಣಿಯ ತುದಿತನಕ ಹೋಗಿ ತಿರುಗಿ ಬಂದಳು.

ಹಿರಿಯ ಸೊಸೆ ಶೈಲಶ್ರೀ ರೊಟ್ಟಿ ಹಿಟ್ಟಿನ ಕೈಯಲ್ಲೇ ಬಾಗಿಲಲ್ಲಿ ನಿಂತು ನೋಡಿದಳು. ಮಯೂರಿ ಬೆನ್ನು ಮಾಡಿ ಹೋಗುವಾಗಲೇ ಅವಳಿಗೆ ಗೊತ್ತಾಯಿತು. ಒಂದೊಂದು ತುಳಿತಕ್ಕೂ ಮಯೂರಿಯ ಸೊಂಟ ಎಡಕ್ಕೊಮ್ಮೆ ಬಲಕ್ಕೊಮ್ಮೆ ವಾಲುತ್ತಿತ್ತು. ಪೆಡಲ್ಲು ಕೆಳಗಿಳಿದಾಗ ಕಾಲು ಪೂರ್ತಿ ಚಾಚಿ ತುದಿ ಬೆರಳಿನಿಂದ ಅದನ್ನು ಹುಡುಕುತ್ತಿತ್ತು. ಸೀಟು ಎರಡು ಬೆರಳಿನಷ್ಟು ಎತ್ತರವಿತ್ತು. ಹೀಗೇ ದಿನಾ ಐವತ್ತು ಅರವತ್ತು ಕಿಲೋಮೀಟರು ತುಳಿದರೆ ತಿಂಗಳೊಪ್ಪತ್ತಿನಲ್ಲಿ ಮೊಣಕಾಲಿನ ಹಿಂಬದಿ ಹಿಡಿದುಕೊಳ್ಳುತ್ತದೆ. ಇದು ಡಾಕ್ಟರನಿಗೆ ತಡವಾಗಿ ತಿಳಿಯುವ ಮಾತು. ಸೈಕಲ್ ತುಳಿದವರಿಗೆ ಹತ್ತು ಮಾರು ದೂರದಿಂದಲೇ ಕಾಣುವ ಮಾತು.

"ಹ್ಯಾಂಗೈತ್ರಿ ಅಕ್ಕಾರ?" ಇಳಿಯುತ್ತಲೇ ಮಯೂರಿ ಕೇಳಿದಳು.

"ಚಲೋ ಐತಿ."

"ಸೀಟು ಅದು ಎಲ್ಲಾ ಬರೊಬ್ಬರಿ ಐತೇನ್ರಿ? ನೀವೂ ಸಾಲ್ಯಾಗ ಇದ್ದಾಗ ಹೊಡೀತಿದ್ರಂತಲ್ಲ, ಇವರು ಹೇಳತಿದ್ರು."

"ಎಲ್ಲಾ ಬರೊಬ್ಬರಿ ಐತಿ," ಎಂದು ಶೈಲಶ್ರೀ ಒಳಗೆ ಹೋಗಿ ರೊಟ್ಟಿ ಬಡಿಯಲು ಕುಳಿತಳು. ಅಂದು ಬಡಿದ ರೊಟ್ಟಿಗಳೆಲ್ಲ ತೆಳ್ಳಗಾಗಿ ನಡುವೆ ಹರಿದವು.

ಸಾಲ್ಯಾಗ ಇದ್ದಾಗ ಹೊಡೀತಿದ್ರಂತ. ಆ ಮಾತು ಅವಳ ಎದೆಯಲ್ಲಿ ಮುಳ್ಳಿನ ಹಾಗೆ ಕೂತಿತು. ಶೈಲಶ್ರೀ ರೋಣದ ಹುಡುಗಿ. ಅಪ್ಪನದು ಊರ ಹೊರಗೆ ಹದಿನೆಂಟು ಎಕರೆ ಎರಿ ಹೊಲ. ಆರನೆಯ ಇಯತ್ತೆಯಲ್ಲಿದ್ದಾಗ ಹೊಲಕ್ಕೆ ಬುತ್ತಿ ಒಯ್ಯುವ ಅಣ್ಣನ ಸೈಕಲ್ಲನ್ನು ಅಡ್ಡಗಾಲು ಹಾಕಿ ತುಳಿಯುತ್ತಿದ್ದವಳನ್ನು ಸಾಲಿಯ ದೈಹಿಕ ಶಿಕ್ಷಕರು ನೋಡಿ, ಗದಗಿನ ಕ್ರೀಡಾ ನಿಲಯದ ಆಯ್ಕೆಗೆ ಕರೆದೊಯ್ದರು. ಅಲ್ಲಿ ಏಳು ವರ್ಷ. ಬೆಳಗಿನ ಐದಕ್ಕೆ ರಸ್ತೆಗಿಳಿದರೆ ಬಿಸಿಲೇರುವ ಹೊತ್ತಿಗೆ ಎಂಬತ್ತು ಕಿಲೋಮೀಟರು. ಹತ್ತೊಂಬತ್ತನೆಯ ವಯಸ್ಸಿಗೆ ರಾಜ್ಯದ ರೋಡ್ ರೇಸಿನಲ್ಲಿ ಎರಡನೆಯವಳಾದಳು, ರಾಷ್ಟ್ರೀಯ ಶಿಬಿರಕ್ಕೆ ಹೆಸರು ಬಂತು. ಅದೇ ವಾರ ಗಜೇಂದ್ರಗಡದಿಂದ ಅವಳನ್ನು ನೋಡಲು ಬಂದರು. ಪುರ್ತಗೇರಿಯಲ್ಲಿ ನೀರಾವರಿ ಹೊಲ, ಪೇಟೆಯಲ್ಲಿ ಅಡತಿ ಅಂಗಡಿ, ಒಳ್ಳೆಯ ಮನೆತನ. ಹುಡುಗ ಅಮರೇಶ ಮಾತು ಕಡಿಮೆಯವ. "ಸೈಕಲ್ಲಿಗೆ ನಮ್ಮದೇನೂ ತಕರಾರಿಲ್ಲ" ಎಂದು ಬೀಗರು ಚಹಾ ಕುಡಿಯುತ್ತ ಅಂದದ್ದನ್ನು ಅವಳೂ ಬಾಗಿಲ ಹಿಂದೆ ನಿಂತು ಕೇಳಿದ್ದಳು.

ಮದುವೆಯಾದ ಮೂರನೆಯ ತಿಂಗಳು ಅವಳು ಬೆಳಿಗ್ಗೆ ಸೈಕಲ್ಲು ಹೊರಗೆ ತೆಗೆದಾಗ ಹೊನ್ನವ್ವ ಕಸಬರಿಗೆ ಕೈಯಲ್ಲಿ ಹಿಡಿದೇ ಅಡ್ಡ ಬಂದಿದ್ದಳು. "ಈ ಮನಿ ಸೊಸಿ ತೊಡಿಮಟಾ ಚಡ್ಡಿ ಹಾಕ್ಕೊಂಡು ರೋಡಿಗೆ ಹೋದ್ರ ಪ್ಯಾಟ್ಯಾಗ ಮಂದಿ ಏನಂದಾರು?" ಅಷ್ಟೇ ಮಾತು, ಕೂಗಾಟ ಇಲ್ಲ, ಜಗಳ ಇಲ್ಲ. ಅಮರೇಶ ಪೇಪರಿನಿಂದ ತಲೆ ಎತ್ತಲಿಲ್ಲ. ಸೈಕಲ್ಲು ಅಟ್ಟಕ್ಕೆ ಹೋಯಿತು, ಮುಂದಿನ ದೀಪಾವಳಿಗೆ ಅಟ್ಟ ಸ್ವಚ್ಛ ಮಾಡುವಾಗ ಮಾರಾಟವಾಯಿತು. ಗೆದ್ದ ಕಪ್ಪುಗಳು ರೋಣದ ತವರಿನಲ್ಲೇ ಉಳಿದವು. ದೊಡ್ಡದೊಂದರಲ್ಲಿ ಅವಳ ಅವ್ವ ದೇವರ ಮುಂದಿನ ಬತ್ತಿ ಇಡುತ್ತಿದ್ದಳು.

ಹದಿನೇಳು ವರ್ಷ ಕಳೆದಿತ್ತು. ಮೈದುನ ಸಿದ್ದಾರೂಢನ ಮದುವೆಯಾಗಿ ಮಯೂರಿ ನೆಗೆಣ್ಣಿಯಾಗಿ ಬಂದು ನಾಲ್ಕು ವರ್ಷ. ಹುಬ್ಬಳ್ಳಿಯವಳು; ಗಜೇಂದ್ರಗಡದ ಕಾಲೇಜೊಂದರಲ್ಲಿ ಸಸ್ಯಶಾಸ್ತ್ರ ಕಲಿಸುತ್ತಿದ್ದಳು. ಮೈ ಇಳಿಸಬೇಕೆಂದು ಗುಡ್ಡದ ರಸ್ತೆಯಲ್ಲಿ ಸೈಕಲ್ ಶುರು ಮಾಡಿದವಳು ಹುಬ್ಬಳ್ಳಿಯ ಸೈಕಲ್ ಗೆಳೆಯರ ಜೊತೆ ಇನ್ನೂರು, ಮುನ್ನೂರು ಕಿಲೋಮೀಟರಿನ ಸವಾರಿಗಳನ್ನು ಮುಗಿಸಿ, ಈಗ ರಾಜಸ್ಥಾನದ ಮರಳುಗಾಡಿನ ರೇಸಿಗೆ ಹೆಸರು ಕೊಟ್ಟಿದ್ದಳು. ಫೆಬ್ರವರಿಯಲ್ಲಿ ಜೈಸಲ್ಮೇರಿನಿಂದ ಹೊರಟು ಎಂಟು ನೂರು ಕಿಲೋಮೀಟರು ಸುತ್ತಿ ಮತ್ತೆ ಅಲ್ಲಿಗೇ ಬರಬೇಕು. ಐದು ದಿನದ ಗಡುವು. ಬೈಕ್‌ಪ್ಯಾಕಿಂಗ್ ರೇಸ್ ಅಂದರೆ ಹಿಂದೆ ಗಾಡಿ ಇರುವುದಿಲ್ಲ, ನೀರು ಕೊಡುವವರಿರುವುದಿಲ್ಲ. ಹಾಸಿಗೆ, ಊಟ, ಪಂಕ್ಚರಿನ ಸಾಮಾನು ಎಲ್ಲ ಸೈಕಲ್ಲಿಗೇ ಚೀಲ ಕಟ್ಟಿಕೊಂಡು ಒಯ್ಯಬೇಕು. ದಾರಿಯ ಅಂಗಡಿಯಲ್ಲಿ ಕೊಂಡು ತಿನ್ನಬಹುದು, ಆದರೆ ಗೊತ್ತಿದ್ದವರ ನೆರವು ತಗೊಳ್ಳುವಂತಿಲ್ಲ. ಇನ್ನೊಬ್ಬರ ಬೆನ್ನ ಹಿಂದೆ ಗಾಳಿ ತಪ್ಪಿಸಿಕೊಂಡು ತುಳಿಯುವಂತೆಯೂ ಇಲ್ಲ.

ಇದನ್ನೆಲ್ಲ ಮಯೂರಿ ಊಟದ ಹೊತ್ತಿಗೆ ವಿವರಿಸಿದಾಗ ಹೊನ್ನವ್ವ, "ಯವ್ವಾ, ಒಬ್ಬಾಕಿನ ಅಷ್ಟು ದೂರ" ಎಂದಳೇ ಹೊರತು ಬ್ಯಾಡ ಅನ್ನಲಿಲ್ಲ. ಮರುದಿನ ಬಾದಾಮಿ ತರಿಸಿ ನೆನೆಹಾಕಿದಳು. ಶೈಲಶ್ರೀ ಆ ಬಟ್ಟಲನ್ನು ದಿನಾ ಬೆಳಿಗ್ಗೆ ಕಟ್ಟೆಯ ಮೇಲೆ ನೋಡುತ್ತಿದ್ದಳು. ಹತ್ತು ಬಾದಾಮಿ, ಸಿಪ್ಪೆ ಸುಲಿದು ಬೆಳ್ಳಗೆ. ಮಗಳು ಚಿನ್ನು ಹೊಟ್ಟೆಯಲ್ಲಿದ್ದಾಗಲೂ ತನಗೆ ಅತ್ತೆ ಬಾದಾಮಿ ಸುಲಿದು ಕೊಟ್ಟದ್ದು ಅವಳಿಗೆ ನೆನಪಿರಲಿಲ್ಲ. ನಿಜವಾಗಿ ಕೊಟ್ಟಿದ್ದಳೋ ಏನೋ. ಆದರೆ ಹೊಟ್ಟೆಕಿಚ್ಚಿಗೆ ತನಗೆ ಬೇಕಾದದ್ದಷ್ಟೇ ನೆನಪಿರುತ್ತದೆ.

ತಯಾರಿ ಮನೆಯ ತುಂಬ ಹರಡಿತು. ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯ ಟೇಲರ್ ಜಬೀನ ಮನೆಗೇ ಬಂದು ಸೈಕಲ್ಲಿನ ತ್ರಿಕೋನಕ್ಕೆ ಹಳೆಯ ಪೇಪರು ಹಿಡಿದು ಅಳತೆ ಕತ್ತರಿಸಿಕೊಂಡು ಹೋದಳು. ತಾಡಪತ್ರಿಯಲ್ಲಿ ಅವಳು ಹೊಲಿದು ತಂದ ಚೀಲ ಎಷ್ಟು ಚೊಕ್ಕ ಕೂತಿತೆಂದರೆ ಪ್ರಭುಲಿಂಗಪ್ಪ ಅದರ ಜಿಪ್ಪನ್ನು ಹತ್ತು ಸಲ ಹಾಕಿ ತೆಗೆದ. ಸಿದ್ದಾರೂಢ ಹಾಲಿನ ಗೋಡೆಗೆ ರಾಜಸ್ಥಾನದ ನಕಾಶೆ ಹಚ್ಚಿದ. ಎಂಟನೆಯ ಇಯತ್ತೆಯ ಚಿನ್ನು ತನ್ನ ಕಾಕಿ ಮಯೂರಿಯ ಫೋಟೋವನ್ನು ತನ್ನ ಮೊಬೈಲಿಗೆ ಹಾಕಿಕೊಂಡಳು. ಒಂದು ಸಂಜೆ ತಾಯಿಯ ತೊಡೆಯ ಮೇಲೆ ತಲೆ ಇಟ್ಟುಕೊಂಡು, "ಮಮ್ಮಿ, ನಿನಗ ಗೇರಿನ ಸೈಕಲ್ ಹೊಡ್ಯಾಕ ಬರ್ತೈತೇನ?" ಎಂದು ಕೇಳಿದಳು.

ಶೈಲಶ್ರೀ ಮಗಳ ಕೂದಲಲ್ಲಿ ಆಡಿಸುತ್ತಿದ್ದ ಕೈ ನಿಲ್ಲಿಸಿದಳು. "ಬರ್ತೈತಿ," ಎಂದಳು. ಚಿನ್ನು, "ಕಾಕಿ ನನಗ ಕಲಸ್ತೀನಿ ಅಂದಾಳ," ಅಂದಳು.

ಆ ವಾರವೆಲ್ಲ ಅವಳು ಬೆಳಿಗ್ಗೆ ಮಾಳಿಗೆ ಹತ್ತಿ, ಗುಡ್ಡದ ಗಾಳಿಯಂತ್ರಗಳ ಕಡೆಗೆ ಏರುವ ರಸ್ತೆಯಲ್ಲಿ ಮಯೂರಿಯ ಹಳದಿ ಅಂಗಿ ಸಣ್ಣದಾಗುವುದನ್ನು ನೋಡುತ್ತ ನಿಂತಳು. ಸೊಂಟ ವಾಲುತ್ತಲೇ ಇತ್ತು. ಹೇಳಿದರೆ ಒಂದು ಮಾತು. ಒಂದು ಬೋಲ್ಟ್ ಸಡಿಲಿಸಿ ಬಿಗಿ ಮಾಡಿದರೆ ಮುಗಿಯಿತು. ಇವತ್ತು ಹೇಳಿದರಾಯಿತು ಅಂದುಕೊಂಡು ಕೆಳಗಿಳಿಯುವಳು. ಅಷ್ಟರಲ್ಲಿ ಮಯೂರಿ ಬೆವೆತು ಬಂದು, ಕಟ್ಟೆಯ ಮೇಲೆ ಕಾಲು ಚಾಚಿ ಕೂತು ಬಾದಾಮಿ ತಿನ್ನುತ್ತಿದ್ದಳು, ಹೊನ್ನವ್ವ ಪಕ್ಕದಲ್ಲಿ ನಿಂತು, "ಎಷ್ಟಾತವಾ ಇವತ್ತ?" ಎಂದು ಕಿಲೋಮೀಟರಿನ ಲೆಕ್ಕ ಕೇಳುತ್ತಿದ್ದಳು. ಶೈಲಶ್ರೀ ಹಾಗೇ ರೊಟ್ಟಿ ಬಡಿಯಲು ಒಳಗೆ ಹೋಗುತ್ತಿದ್ದಳು.

ನವೆಂಬರ್ ಮುಗಿಯುವ ಮುನ್ನ ಮಯೂರಿಯ ಬಲಗಾಲು ಹಿಡಿದುಕೊಂಡಿತು. ಮೊದಲು ಮೆಟ್ಟಿಲಿಳಿಯುವಾಗ, ಆಮೇಲೆ ಕಾಲೇಜಿನಲ್ಲಿ ನಿಂತು ಪಾಠ ಮಾಡುವಾಗ. ದವಾಖಾನಿಯಲ್ಲಿ ಮುಲಾಮು ಕೊಟ್ಟು, ಹದಿನೈದು ದಿನ ಸೈಕಲ್ ಮುಟ್ಟಬೇಡ್ರಿ ಅಂದರು. ನೋವು ಹೀಗೇ ಇದ್ದರೆ ರೇಸಿನ ಮಾತು ಬಿಡುವುದು ಒಳ್ಳೆಯದು ಎಂದೂ ಅಂದರಂತೆ. ಮಯೂರಿ ಕೋಣೆಯಲ್ಲಿ ಕದ ಹಾಕಿಕೊಂಡು ಅತ್ತದ್ದು ಹೊರಗೆ ಕೇಳಿಸಿತು.

ಶೈಲಶ್ರೀಗೆ ಮೊದಲು ಆದದ್ದು ಹಿತ. ಅದನ್ನು ಅವಳು ಆಮೇಲೆ ಎಂದೂ ತನ್ನಿಂದ ಮುಚ್ಚಿಟ್ಟುಕೊಳ್ಳಲಿಲ್ಲ. ಬಿಸಿಲಿನಲ್ಲಿ ಬಂದು ತಣ್ಣೀರು ಕುಡಿದ ಹಾಗೆ ಎದೆಯೊಳಗೆ ಹಿತವಾಯಿತು. ಅರ್ಧ ತಾಸು ಕೂಡ ಉಳಿಯಲಿಲ್ಲ. ಹೊನ್ನವ್ವ ಉಪ್ಪು ಕಾಸಿ ಬಟ್ಟೆಯಲ್ಲಿ ಕಟ್ಟಿ ತಂದು, "ಶೈಲಾ, ನೀ ಹೋಗಿ ಕಾವು ಕೊಡವಾ, ನಿನ್ನ ಕೈಯಾಗ ಆರಾಮ ಆಗ್ತೈತಿ," ಎಂದಳು. ಮಯೂರಿಯ ಮೊಣಕಾಲಿನ ಹಿಂದೆ ಉಪ್ಪಿನ ಗಂಟು ಒತ್ತುವಾಗ ಆ ಜಾಗ ಊದಿಕೊಂಡು ಮೆತ್ತಗಾಗಿದ್ದು ಬೆರಳಿಗೆ ಹತ್ತಿತು. ಹದಿನಾರನೆಯ ವಯಸ್ಸಿನಲ್ಲಿ ಶೈಲಶ್ರೀಗೂ ಅದೇ ಜಾಗ ಊದಿತ್ತು. ಅವಳ ಕೋಚ್ ಒಂದೇ ನೋಟದಲ್ಲಿ ಕಂಡುಹಿಡಿದು ಸೀಟು ಇಳಿಸಿದ್ದರು.

ಮರುದಿನ ಮಯೂರಿ ಕಾಲೇಜಿಗೆ ಹೋದ ಮೇಲೆ ಶೈಲಶ್ರೀ ಸೈಕಲ್ಲನ್ನು ತಳ್ಳಿಕೊಂಡು ಇಲಿಯಾಸನ ಅಂಗಡಿಗೆ ಹೋದಳು. ಇಲಿಯಾಸ ಗದಗಿನ ನಿಲಯದಲ್ಲಿ ಅವಳಿಗಿಂತ ಎರಡು ವರ್ಷ ಕಿರಿಯವ. ಈಗ ಬಸ್ ಸ್ಟ್ಯಾಂಡಿನ ಹತ್ತಿರ ಸೈಕಲ್ ರಿಪೇರಿ ಅಂಗಡಿ ಇಟ್ಟುಕೊಂಡಿದ್ದ. ಮಯೂರಿಯ ಸೈಕಲ್ಲು ಹುಬ್ಬಳ್ಳಿಯಲ್ಲೇ ರಿಪೇರಿಯಾಗುತ್ತಿದ್ದುದರಿಂದ ಅವನು ಅದನ್ನು ಹತ್ತಿರದಿಂದ ನೋಡಿರಲಿಲ್ಲ.

"ಸೀಟು ಎರಡು ಬೆರಳು ಇಳಸು," ಎಂದಳು.

ಅವನು ಸೀಟಿನ ಕಂಬಿಗೆ ಕೈ ಹಚ್ಚಿ, ಪೆಡಲ್ಲಿನಿಂದ ಗೇಣು ಹಾಕಿ ಅಳೆದ. "ಮಯೂರಿ ಬಾಯಾರ ಇದ್ರ ಮ್ಯಾಲ ಎಷ್ಟು ದಿನ ಹೊಡದಾರ್ರಿ?"

"ತಿಂಗಳಾತು."

"ನಿಮ್ಮನಿ ಮುಂದನ ಹೊಡದಾರ?"

ಶೈಲಶ್ರೀ ಸೈಕಲ್ಲಿನ ಹ್ಯಾಂಡಲ್ಲು ಹಿಡಿದುಕೊಂಡಳು. ಇಲಿಯಾಸ ಅವಳ ಮುಖ ನೋಡದೆ ಬೋಲ್ಟ್ ಸಡಿಲಿಸುತ್ತ, "ನಿಮ್ಮ ಕಣ್ಣಿಗೆ ಇದು ಇವತ್ತ ಬಿತ್ತೇನ್ರಿ ಅಕ್ಕಾರ," ಎಂದ. ಅದು ಪ್ರಶ್ನೆಯಾಗಿರಲಿಲ್ಲ. ಸೀಟು ಇಳಿಸಿ ಬಿಗಿ ಮಾಡಿ, ಕೈ ಒರೆಸಿಕೊಂಡು, ಗೋಡೆಗೆ ಒರಗಿಸಿದ್ದ ತನ್ನದೇ ಹಳೆಯ ರೇಸಿನ ಸೈಕಲ್ಲು ತೋರಿಸಿದ. "ಇದನ್ನ ಒಯ್ರಿ. ನಿಂತ ನಿಂತ ತುಕ್ಕು ಹಿಡ್ಯಾಕತ್ತೈತಿ. ಅವರ ಜೋಡಿ ನೀವೂ ಹೊಡೀರಿ. ಮನ್ಯಾಗ ಕುಂತು ನೋಡಿದ್ರ ಹಿಂಗ ಆಗೂದು."

ಅವಳು ಒಯ್ದಳು. ಹದಿನೈದು ದಿನ ಕಳೆದು ಮಯೂರಿ ಮತ್ತೆ ಸೈಕಲ್ಲು ಹತ್ತಿದ ಮೊದಲ ದಿನ, ಅವಳ ಕಾಲು ಹೇಗಿದೆಯೋ ನೋಡಿಕೊಳ್ಳಲು ಜೊತೆ ಹೋಗುತ್ತೇನೆ ಎಂದು ನೆಪ ಹೇಳಿದಳು. ಅಮರೇಶ, "ಹುಷಾರಿ," ಎಂದಷ್ಟೇ ಅಂದ. ಹೊನ್ನವ್ವ ನೋಡಿಯೂ ನೋಡದವಳ ಹಾಗೆ ತುಳಸಿಗೆ ನೀರು ಹಾಕಿದಳು. ಚೂಡಿದಾರದ ಕಾಲನ್ನು ರಬ್ಬರಿನಿಂದ ಬಿಗಿದುಕೊಂಡು, ಓಣಿ ದಾಟಿ, ಗುಡ್ಡದ ರಸ್ತೆಯ ಬುಡಕ್ಕೆ ಬಂದಾಗ ಶೈಲಶ್ರೀಯ ಉಸಿರು ಮೊದಲ ತಿರುವಿನಲ್ಲೇ ಕಟ್ಟಿತು. ಎರಡನೆಯ ತಿರುವಿನಲ್ಲಿ ವಾಂತಿ ಬಂದ ಹಾಗಾಯಿತು. ಹತ್ತು ದಿನಕ್ಕೆ ಉಸಿರು ಹಿಡಿತಕ್ಕೆ ಬಂತು. ಒಂದು ತಿಂಗಳಿಗೆ ಅವಳ ಕಾಲುಗಳು ಹಳೆಯದನ್ನು ಒಂದೊಂದಾಗಿ ನೆನಪಿಸಿಕೊಂಡವು. ಮಯೂರಿಯ ನೋವು ಸೀಟು ಇಳಿದ ಮೇಲೆ ಎರಡು ವಾರಕ್ಕೆ ಮಾಯವಾಗಿತ್ತು. ಅವಳು ಮುಲಾಮನ್ನು ಹೊಗಳಿದಳು. ಸೀಟು ಇಳಿದದ್ದನ್ನು ಕೇಳಿದಾಗ ಶೈಲಶ್ರೀ, "ಇಲಿಯಾಸಗ ತೋರಿಸಿದ್ನಿ, ಅವ ಹೇಳಿದ," ಅಂದುಬಿಟ್ಟಳು.

ಸಂಕ್ರಾಂತಿಯ ಮರುದಿನ ದೊಡ್ಡ ಸವಾರಿ. ಚೀಲ ತುಂಬಿ ಭಾರ ಕಟ್ಟಿಕೊಂಡು ರೋಣದ ಮೇಲೆ ಹಾಯ್ದು ನರಗುಂದ; ಅಲ್ಲಿಂದ ಅದೇ ದಾರಿಯಲ್ಲಿ ವಾಪಸು. ಕತ್ತಲು ಹರಿಯುತ್ತಲೇ ಹೊರಟರು. ಮೂಡಣದ ಗಾಳಿ ಬೆನ್ನಿಗಿತ್ತು. ಎರಡೂ ಬದಿ ಕಡಲೆ, ಬಿಳಿಜೋಳ, ನಡುನಡುವೆ ಕುಸುಬಿಯ ಹಳದಿ. ರೋಣದಲ್ಲಿ ತನ್ನ ಸಾಲಿಯ ಮುಂದೆ ಹಾಯುವಾಗ ಶೈಲಶ್ರೀ ಆ ಕಡೆ ನೋಡಲಿಲ್ಲ. ಆದರೆ ಗೊತ್ತಿಲ್ಲದೆಯೇ ವೇಗ ಹೆಚ್ಚಿಸಿದ್ದಳು. ಹಿಂತಿರುಗಿ ನೋಡಿದಾಗ ಮಯೂರಿ ಇನ್ನೂರು ಮಾರು ಹಿಂದಿದ್ದಳು.

ನರಗುಂದದ ಗುಡ್ಡದ ಕೆಳಗೆ ಚಹಾದಂಗಡಿಯ ಮುಂದೆ ಸೈಕಲ್ಲು ಒರಗಿಸಿ ಗಿರಮಿಟ್ ತಿನ್ನುತ್ತ ಕೂತರು. ಮಯೂರಿ ಬಹಳ ಹೊತ್ತು ಅವಳನ್ನೇ ನೋಡಿ, "ಅಕ್ಕಾರ, ನೀವು ಬರೇ ಸಾಲ್ಯಾಗ ಹೊಡದಾಕಿ ಅಲ್ಲ," ಎಂದಳು. "ಇಷ್ಟು ವರ್ಷ ಬಿಟ್ಟು ನನ್ನ ಹಿಂದ ಹಾಕಿದ್ರಿ. ಯಾರೂ ನನಗ ಯಾಕ ಹೇಳಲಿಲ್ಲ?"

ಶೈಲಶ್ರೀ ಹೇಳಿದಳು. ನಿಲಯ, ರಾಜ್ಯದ ರೇಸು, ಹೆಸರು ಬಂದೂ ಹೋಗದ ಶಿಬಿರ, ಅಟ್ಟದ ಸೈಕಲ್ಲು. ಹೇಳುತ್ತ ಹೇಳುತ್ತ, ನಿಲ್ಲಿಸಬೇಕಾದಲ್ಲಿ ನಿಲ್ಲಿಸಲಾಗಲಿಲ್ಲ.

"ನಿನ್ನ ಸೈಕಲ್ ಬಂದ ದಿನಾನ ನನಗ ಸೀಟು ಕಂಡಿತ್ತು, ಮಯೂರಿ. ಎತ್ತರ ಐತಿ, ಕಾಲಿಗೆ ಬರ್ತೈತಿ ಅಂತ ಗೊತ್ತಿತ್ತು. ನೀ ಕೇಳಿದಿ, ನಾ ಬರೊಬ್ಬರಿ ಐತಿ ಅಂದ್ನಿ."

ಮಯೂರಿಯ ಕೈ ಗಿರಮಿಟ್ಟಿನ ಪೇಪರಿನ ಮೇಲೆ ನಿಂತಿತು. "ಯಾಕ್ರಿ?"

"ಹೊಟ್ಟಿಕಿಚ್ಚು."

"ನನ್ನ ಮ್ಯಾಲ?"

"ನಿನ್ನ ಮ್ಯಾಲ. ನಿನಗ ಸುಲಿದು ಕೊಡೂ ಬದಾಮಿ ಮ್ಯಾಲ. ಗ್ವಾಡಿಗೆ ಹಚ್ಚಿದ ನಕಾಶಿ ಮ್ಯಾಲ. ನನ್ನ ಮಗಳು ನಿನ್ನ ಫೋಟೋ ಇಟಗೊಂಡಾಳ, ಅದರ ಮ್ಯಾಲ."

ಮಯೂರಿ ಎದ್ದು ಕೈ ತೊಳೆದಳು. ಅವಳ ಕಣ್ಣು ಕೆಂಪಗಾಗಿದ್ದವು, ಆದರೆ ಅಳಲಿಲ್ಲ. "ಹದಿನೈದು ದಿನ ನಾ ಮಲಕ್ಕೊಂಡು ಅತ್ತೀನಿ. ನೀವ ಬಂದು ಉಪ್ಪಿನ ಕಾವು ಕೊಟ್ರಿ," ಎಂದು ಹೆಲ್ಮೆಟ್ ಹಾಕಿಕೊಂಡು ಹೊರಟೇಬಿಟ್ಟಳು.

ಮರಳುವಾಗ ಗಾಳಿ ಎದುರು. ಎಪ್ಪತ್ತು ಕಿಲೋಮೀಟರು ಮಯೂರಿ ಒಮ್ಮೆಯೂ ಹಿಂದೆ ತಿರುಗದೆ ತುಳಿದಳು. ಶೈಲಶ್ರೀ ಅವಳ ಬೆನ್ನ ಹಿಂದೆ ಬಂದಿದ್ದರೆ ಗಾಳಿ ಅರ್ಧ ತಪ್ಪುತ್ತಿತ್ತು. ಬರಲಿಲ್ಲ, ಒಂದು ಫರ್ಲಾಂಗು ಬಿಟ್ಟೇ ತುಳಿದಳು. ಗಜೇಂದ್ರಗಡದ ಗುಡ್ಡ ಕಾಣುವ ಹೊತ್ತಿಗೆ ಅವಳ ತೊಡೆಗಳು ಕಲ್ಲಾಗಿದ್ದವು, ತುಟಿ ಒಡೆದಿತ್ತು.

ನಾಲ್ಕು ದಿನ ಮಯೂರಿ ಅವಳ ಜೊತೆ ಮಾತಾಡಲಿಲ್ಲ. ಮನೆಯಲ್ಲಿ ಯಾರಿಗೂ ಹೇಳಲೂ ಇಲ್ಲ. ತಾಟು ಕೇಳಿದರೆ ತಾಟು, ನೀರು ಕೇಳಿದರೆ ನೀರು. ಐದನೆಯ ದಿನ ಮಧ್ಯಾಹ್ನ ಶೈಲಶ್ರೀ ಅಕ್ಕಿ ಆರಿಸುತ್ತಿದ್ದಾಗ, ಮಯೂರಿ ಕಾಲೇಜಿನ ನೋಟ್‌ಬುಕ್ಕು ಹಿಡಿದು ಎದುರಿಗೆ ಬಂದು ಕೂತಳು.

"ನಾ ನಿಮ್ಮನ್ನ ಮಾಫ್ ಮಾಡೀನಿ ಅಂತ ತಿಳಕೋಬ್ಯಾಡ್ರಿ," ಎಂದಳು. "ಆದ್ರ ರೇಸಿಗೆ ಇಪ್ಪತ್ತು ದಿನ ಉಳದಾವ. ನಿಮಗ ಏನೇನು ಗೊತ್ತೈತಿ, ಅಷ್ಟೂ ಹೇಳ್ರಿ."

ಶೈಲಶ್ರೀ ಮೊರ ಪಕ್ಕಕ್ಕಿಟ್ಟಳು. ಬಾಯಾರುವ ಮೊದಲೇ ಗುಟುಕು ಗುಟುಕಾಗಿ ಕುಡಿಯಬೇಕು. ನೀರಿಗೆ ಉಪ್ಪು, ಬೆಲ್ಲ, ನಿಂಬೆ. ಕೂತಲ್ಲಿ ಹುಣ್ಣಾಗದಿರಲು ಮೊದಲ ದಿನದಿಂದಲೇ ಎಣ್ಣೆ ಹಚ್ಚಬೇಕು, ಉರಿ ಶುರುವಾದ ಮೇಲಲ್ಲ. ಎದುರುಗಾಳಿಯಲ್ಲಿ ಸಿಟ್ಟು ಬರುತ್ತದೆ. ಆ ಸಿಟ್ಟನ್ನು ಪೆಡಲ್ಲಿಗೆ ಹಾಕಿದರೆ ಸಂಜೆಗೆ ಖಾಲಿಯಾಗುತ್ತೀಯ, ಹಗುರ ಗೇರಿನಲ್ಲಿ ಮೆಲ್ಲಗೆ ಹೋಗು. ಕೈ ಜೋಮು ಹಿಡಿದರೆ ಹಿಡಿತ ಬದಲಿಸು. ಹಸಿವೆಯಾದಾಗ ಊಟಕ್ಕೆ ಹುಡುಕಬೇಡ, ತಾಸಿಗೊಮ್ಮೆ ತಿನ್ನು. ಮಯೂರಿ ತಲೆ ತಗ್ಗಿಸಿ ಬರೆದುಕೊಂಡಳು. ಮರಳಿನ ಬಗ್ಗೆ ಕೇಳಿದಾಗ ಶೈಲಶ್ರೀ, "ಅದು ನನಗ ಗೊತ್ತಿಲ್ಲ. ಖರೇನ ಗೊತ್ತಿಲ್ಲ," ಎಂದಳು. ಮಯೂರಿ ಅವಳ ಮುಖವನ್ನು ಒಂದು ಕ್ಷಣ ಪರೀಕ್ಷಿಸಿ ನೋಡಿ, ನಂಬಿ, ಪುಟ ತಿರುವಿದಳು.

ಹೊರಡುವ ಎರಡು ದಿನ ಮೊದಲು ಅತ್ತೆ ಸೊಸೆ ಕೂತು ದಾರಿಗೆ ಶೇಂಗಾ ಹೋಳಿಗೆ ಮಾಡಿದರು. ವಾರವಾದರೂ ಕೆಡುವುದಿಲ್ಲ, ಚೀಲದಲ್ಲಿ ಮಡಚಿ ಇಡಬಹುದು. ಹೊನ್ನವ್ವ ಲಟ್ಟಿಸುತ್ತಿದ್ದಳು, ಶೈಲಶ್ರೀ ಬೇಯಿಸುತ್ತಿದ್ದಳು.

"ಅತ್ತ್ಯಾರ," ಎಂದಳು ಶೈಲಶ್ರೀ, ಹಂಚಿನ ಮೇಲಿನಿಂದ ಕಣ್ಣು ತೆಗೆಯದೆ. "ನನಗ ಯಾಕ ಬ್ಯಾಡ ಅಂದ್ರಿ?"

ಏನು ಎಂದು ಹೊನ್ನವ್ವ ಕೇಳಲಿಲ್ಲ. ಲಟ್ಟಣಿಗೆ ನಿಂತಿತು. "ಮಂದಿಗೆ ಅಂಜಿದ್ನಿ."

"ಈಗ ಅಂಜಿಕಿ ಇಲ್ಲೇನ್ರಿ?"

"ಈಗ ಮಂದಿನ ಮನಿಗೆ ಬಂದು ಫೋಟೋ ತಗೊಂಡು ಹೋಗ್ತಾರ. ನಾ ಮಂದಿ ಹಿಂದ ನಡ್ಯಾಕಿ, ಯವ್ವಾ. ಅವರು ಹೊಳ್ಳಿದ ಕಡೆ ಹೊಳ್ಳತೀನಿ." ಅವಳು ಹಿಟ್ಟಿನ ಕೈಯನ್ನು ಸೆರಗಿಗೆ ಒರೆಸಿಕೊಂಡಳು. "ನಿನಗ ಮಾಡಿದ್ದು ಚಲೋ ಆಗಲಿಲ್ಲ. ಅದು ನನಗ ಭಾಳ ಹಿಂದನ ಗೊತ್ತಾಗೈತಿ. ಹೇಳಾಕ ಬಾಯಿ ಬರಲಿಲ್ಲ."

ಶೈಲಶ್ರೀ ಅತ್ತು ಅತ್ತೆಯ ಮಡಿಲಿಗೆ ಬೀಳಲಿಲ್ಲ. ಹೋಳಿಗೆ ತಿರುವಿ ಹಾಕಿದಳು. ಹದಿನೇಳು ವರ್ಷದ ಮೇಲೆ ಆಡಿದ ಮಾತು ಹದಿನೇಳು ವರ್ಷವನ್ನು ತಿರುಗಿ ಕೊಡುವುದಿಲ್ಲ ಎಂದು ಅವಳಿಗೆ ಅನ್ನಿಸಿತು. ಆದರೂ ಆ ಮಾತು ಕೇಳದೇ ಸಾಯುವುದಕ್ಕಿಂತ ಕೇಳಿದ್ದು ಒಳ್ಳೆಯದಾಯಿತು ಎಂದೂ ಅನ್ನಿಸಿತು.

ರೇಸಿನ ಐದೂ ದಿನ ಮನೆಮಂದಿಯೆಲ್ಲ ಮೊಬೈಲು ಹಿಡಿದಿದ್ದರು. ಅದರ ನಕಾಶೆಯ ಮೇಲೆ ಮಯೂರಿ ಜರುಗುವ ಒಂದು ಕೆಂಪು ಚುಕ್ಕೆಯಾಗಿದ್ದಳು. ಏಳು ಹೆಂಗಸರು, ಐವತ್ತಕ್ಕೂ ಮಿಕ್ಕಿ ಗಂಡಸರು. ಮೂರನೆಯ ದಿನ ಬೆಳಗಾದಾಗ ಚುಕ್ಕೆ ಒಂದೇ ಕಡೆ ನಿಂತಿತ್ತು. ಒಂಬತ್ತಾದರೂ ಅಲ್ಲಿಯೇ, ಹತ್ತಾದರೂ ಅಲ್ಲಿಯೇ. ಸಿದ್ದಾರೂಢ ಅಂಗಳದಲ್ಲಿ ಅತ್ತಿಂದಿತ್ತ ನಡೆದ. ಹೊನ್ನವ್ವ ಕಾಲಕಾಲೇಶ್ವರನಿಗೆ ಹರಕೆ ಹೊತ್ತಳು. ಶೈಲಶ್ರೀ ಆ ಚುಕ್ಕೆ ನೋಡುತ್ತ ನಿಂತಾಗ ಮನಸ್ಸಿನ ಯಾವುದೋ ಮೂಲೆಯಿಂದ, ಅಲ್ಲೇ ನಿಂತುಬಿಡಲಿ ಎಂಬ ಮಾತು ಬಂತು. ಅದರ ಬೆನ್ನಿಗೇ, ಏಳು, ಮಯೂರಿ, ಏಳು ಎಂಬುದೂ ಬಂತು. ಎರಡೂ ಅವಳದೇ ದನಿ. ಹತ್ತೂವರೆಗೆ ಚುಕ್ಕೆ ಜರುಗಿತು. ಶೈಲಶ್ರೀ ಬಚ್ಚಲಿಗೆ ಹೋಗಿ ಮುಖ ತೊಳೆದುಕೊಂಡಳು.

ಆಮೇಲೆ ಮಯೂರಿ ಹೇಳಿದ್ದು: ಬಿಸಿಲಿಗೆ ತಯಾರಾಗಿ ಹೋಗಿದ್ದವಳನ್ನು ಕಾಡಿದ್ದು ಚಳಿ. ಮರಳುಗಾಡಿನ ರಾತ್ರಿಯಲ್ಲಿ ಬೆರಳು ಮರಗಟ್ಟಿ ಬ್ರೇಕು ಹಿಡಿಯಲಾಗದೆ, ಒಂದು ಸಾಲಿಯ ಪಡಸಾಲೆಯಲ್ಲಿ ಮುದುಡಿ ಕೂತು, ಬಿಸಿಲು ಚುರುಕಾಗುವತನಕ ಏಳಲಾಗಿರಲಿಲ್ಲ. ಮುಳ್ಳು ಚುಚ್ಚಿ ಆರು ಸಲ ಪಂಕ್ಚರು. ಗಡುವಿಗೆ ಮೂರು ತಾಸು ಮೊದಲು ಅವಳು ಮುಟ್ಟಿದಳು. ಇಬ್ಬರು ಹೆಂಗಸರು ನಡುವೆಯೇ ಬಿಟ್ಟಿದ್ದರು. ಮುಗಿಸಿದ ಐವರಲ್ಲಿ ಇವಳು ಐದನೆಯವಳು.

ಕಾಲೇಜಿನಲ್ಲಿ ಸತ್ಕಾರವಾಯಿತು. ಶಾಲು, ಹಾರ, ರೇಷ್ಮೆ ಪೇಟ. ಮಯೂರಿ ಭಾಷಣದಲ್ಲಿ ಪ್ರಾಚಾರ್ಯರನ್ನು, ಅತ್ತೆ ಮಾವನನ್ನು, ಗಂಡನನ್ನು, ಹುಬ್ಬಳ್ಳಿಯ ಗೆಳೆಯರನ್ನು ನೆನೆದು, ಐದನೆಯದಾಗಿ "ನಮ್ಮ ಅಕ್ಕಾರು" ಅಂದಳು. ಶೈಲಶ್ರೀ ಎಣಿಸಿದಳು. ಕಾರ್ಯಕ್ರಮ ಮುಗಿದ ಮೇಲೆ ಪೇಟೆಯ ಹಿರಿಯ ವ್ಯಾಪಾರಿಯೊಬ್ಬರು ಅವಳ ಹತ್ತಿರ ಬಂದು, "ತಂಗಿ, ನಿಮ್ಮ ನೆಗೆಣ್ಣಿನ ನೋಡಿ ಕಲೀರಿ. ನೀವೂ ದಿನಾ ಒಂದೀಟು ವಾಕಿಂಗ್ ಮಾಡ್ರಿ, ಮೈಗೆ ಚಲೋ," ಎಂದರು.

"ಹೌದ್ರಿ," ಎಂದಳು ಶೈಲಶ್ರೀ.

ಆ ಸಂಜೆ ಎಲ್ಲರೂ ಊಟಕ್ಕೆ ಕೂತಾಗ ಅವಳು ಬಡಿಸುತ್ತ ನಿಂತೇ ಹೇಳಿದಳು. "ಮುಂದಿನ ವರ್ಷ ಆ ರೇಸಿಗೆ ನಾ ಹೋಗಾಕಿ."

ಅಮರೇಶ ತುತ್ತು ಹಿಡಿದ ಕೈಯಲ್ಲೇ ಹೆಂಡತಿಯನ್ನು ನೋಡಿದ. ಮೊದಲ ಬಾರಿ ನೋಡುವವನ ಹಾಗೆ ನೋಡಿದ. "ಹೋಗು," ಎಂದ. "ನಾ ಇದನ್ನ ಹಿಂದನ ಅನ್ನಬೇಕಾಗಿತ್ತು," ಎಂದೂ ಸೇರಿಸಿದ. ಚಿನ್ನು, "ಮಮ್ಮಿ, ನೀನಾ?" ಎಂದು ನಕ್ಕು, ಯಾರೂ ನಗದಿದ್ದುದನ್ನು ನೋಡಿ ತಾಟಿನ ಕಡೆ ತಿರುಗಿದಳು.

ಶೈಲಶ್ರೀ ನೋಡುತ್ತಿದ್ದುದು ಮಯೂರಿಯನ್ನು. ಮಯೂರಿ ಮುಗುಳ್ನಕ್ಕಳು, "ಭಾಳ ಚಲೋ ಆತ್ರಿ ಅಕ್ಕಾರ," ಅಂದಳು. ಆದರೆ ಆ ನಗು ಕಣ್ಣಿನವರೆಗೆ ಏರುವ ಮೊದಲು ಒಂದು ಚೂರು ತಡೆಯಿತು. ನರಗುಂದದ ದಾರಿಯ ಇನ್ನೂರು ಮಾರು ಇಬ್ಬರಿಗೂ ನೆನಪಿತ್ತು. ಆ ತಡೆಯನ್ನು ಮನೆಯಲ್ಲಿ ಬೇರಾರೂ ಕಾಣಲಿಲ್ಲ. ಶೈಲಶ್ರೀಗೆ ಅದರ ಗುರುತು ಚೆನ್ನಾಗಿಯೇ ಇತ್ತು. ಅದಕ್ಕೆ ಅವಳು ಸಿಟ್ಟಾಗಲಿಲ್ಲ.

ಆ ವರ್ಷ ಇಲಿಯಾಸ ಅವಳಿಗಾಗಿ ಸೈಕಲ್ಲೊಂದನ್ನು ತಾನೇ ಜೋಡಿಸಿದ. ಪುರ್ತಗೇರಿಯ ಹಳ್ಳದ ಉಸುಕಿನಲ್ಲಿ ಗಾಳಿ ಇಳಿಸಿದ ಟೈರಿನಿಂದ ತುಳಿಯುವುದನ್ನು ಮಯೂರಿಯೇ ಕಲಿಸಿದಳು. ಬಿದ್ದಾಗ ಎತ್ತಲಿಲ್ಲ, ತನಗೆ ಗೊತ್ತಿದ್ದ ಏನನ್ನೂ ಮುಚ್ಚಿಡಲೂ ಇಲ್ಲ. ಫೆಬ್ರವರಿಯಲ್ಲಿ ಶೈಲಶ್ರೀ ಒಬ್ಬಳೇ ರೈಲು ಹತ್ತಿದಳು. ಮೂವತ್ತೆಂಟನೆಯ ವಯಸ್ಸಿನಲ್ಲಿ, ತನ್ನ ಮೊದಲ ಮರಳುಗಾಡಿನ ರೇಸನ್ನು, ಹೆಂಗಸರಲ್ಲಿ ಎರಡನೆಯವಳಾಗಿ, ಮಯೂರಿಗಿಂತ ಹತ್ತೊಂಬತ್ತು ತಾಸು ಕಡಿಮೆ ಹೊತ್ತಿನಲ್ಲಿ ಮುಗಿಸಿದಳು.

ಗದಗಿನ ಸ್ಟೇಶನ್ನಿಗೆ ಮಯೂರಿ ಹಾರ ತಂದಿದ್ದಳು. ಅಪ್ಪಿಕೊಂಡಾಗ ಅವಳ ತೋಳುಗಳು ಒಲ್ಲದವಳ ಹಾಗೆ ಬಿಗಿಯಾಗಿದ್ದವು. ಶೈಲಶ್ರೀಗೆ ಆ ಬಿಗಿ ನೋವು ಕೊಟ್ಟಿತು. ನೋವಿನ ಕೆಳಗೆ ಒಂದಿಷ್ಟು ಸುಖವನ್ನೂ ಕೊಟ್ಟಿತು. ಎರಡು ವಾರ ಇಬ್ಬರ ನಡುವೆ ಮಾತು ಅಷ್ಟಕ್ಕಷ್ಟೇ ಇತ್ತು. ಆಮೇಲೆ ಸರಿಹೋಯಿತು.

ಈಗ ರವಿವಾರ ಬೆಳಿಗ್ಗೆ ಗುಡ್ಡದ ರಸ್ತೆಯಲ್ಲಿ ಇಬ್ಬರೂ ಹೋಗುವುದನ್ನು ಪೇಟೆಯವರು ನೋಡುತ್ತಾರೆ. ಹೂವು ಮಾರುವ ದುರ್ಗೇಶ ಗಿರಾಕಿಗಳಿಗೆ, "ಒಂದ ಮನಿ ಸೊಸ್ತೇರು, ಎಷ್ಟು ಹೊಂದಾಣಿಕಿ ನೋಡ್ರಿ," ಎನ್ನುತ್ತಾನೆ. ಊರು ದಾಟುವತನಕ ಅವರು ಅಕ್ಕಪಕ್ಕ, ಮಾತಾಡುತ್ತ ಹೋಗುತ್ತಾರೆ. ಏರು ಶುರುವಾದ ಮೇಲೆ ಮಾತು ನಿಲ್ಲುತ್ತದೆ. ಮೇಲೆ ಗಾಳಿಯಂತ್ರದ ಬುಡಕ್ಕೆ ಯಾರು ಮೊದಲು ಮುಟ್ಟಿದರು ಎಂಬುದನ್ನು ಇಬ್ಬರೂ ಮನೆಯಲ್ಲಿ ಹೇಳುವುದಿಲ್ಲ.